ಎಡಗೈ ಹೆಬ್ಬೆಟ್ಟು

2025ರ ಫೆಬ್ರವರಿ 10, ಸೋಮವಾರ ಬೆಳಿಗ್ಗೆ 10.40ಕ್ಕೆ ವಿಜಯಕುಮಾರ್ ಊರಿಗಾಂ ಠಾಣೆಯ ಮೆಟ್ಟಿಲು ಹತ್ತಿದರು. ಇವರು ನಿವೃತ್ತ ಮೇಷ್ಟ್ರು. ಈಗ ಹಳೆಯ ಗಣಿ ವಸ್ತುಗಳ ಪ್ರದರ್ಶನ ಸಮಿತಿಯ ಕಾರ್ಯದರ್ಶಿ. ದೂರನ್ನು ಮೊದಲೇ ಟೈಪ್ ಮಾಡಿಸಿ ತಂದಿದ್ದರು. ಮೂರು ಪುಟ. ಅದರಲ್ಲಿ ಎರಡೂಮುಕ್ಕಾಲು ಪುಟ ಕೋಲಾರ ಚಿನ್ನದ ಗಣಿಯ ಚರಿತ್ರೆ, ಕೊನೆಯ ನಾಲ್ಕು ಸಾಲು ಕಳ್ಳತನ. ಮೇಷ್ಟ್ರಾದವರು ಪಾಠ ಮಾಡದೆ ವಿಷಯಕ್ಕೆ ಬರುವುದುಂಟೇ?

ಇನ್ಸ್‌ಪೆಕ್ಟರ್ ಶಶಿರೇಖ ಆ ನಾಲ್ಕು ಸಾಲಿನಿಂದಲೇ ಓದಲು ಶುರುಮಾಡಿದರು. ಹಿಂದೆ ಇಲ್ಲಿದ್ದ ಬ್ರಾಡ್‌ವೆಲ್ ಗಣಿ ಕಂಪನಿಯ 1899ನೇ ಇಸವಿಯ ಅಪಘಾತ ರಿಜಿಸ್ಟರ್ ಕಾಣೆಯಾಗಿದೆ. ಶನಿವಾರ ಸಂಜೆ ಗಾಜಿನ ಪೆಟ್ಟಿಗೆಯಲ್ಲಿತ್ತು, ಸೋಮವಾರ ಬೆಳಿಗ್ಗೆ ಇಲ್ಲ. ಪ್ರದರ್ಶನದ ಉದ್ಘಾಟನೆ ಮುಂದಿನ ಭಾನುವಾರ.

"ಅದರಲ್ಲಿ ಏನಿತ್ತು ಸರ್?"

"ಗಾಯಗೊಂಡ ಕೂಲಿಗಳ ಹೇಳಿಕೆಗಳು ಮೇಡಂ. ವಿಕ್ಟೋರಿಯಾ ರಾಣಿ ಕಾಲದ್ದು. ಅಂಥದ್ದು ಇನ್ನೊಂದಿಲ್ಲ."

ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಅಡಿ ಎಫ್‌ಐಆರ್ ದಾಖಲಾಯಿತು. ಶುಕ್ರವಾರ ಬೇತಮಂಗಲದಲ್ಲಿ ಒಂದು ಹಸುಗೂಸಿಗೆ ಹೆಸರಿಡಬೇಕಾಗಿದೆ, ಯಾವ ಹೆಸರು ಎನ್ನುವುದು ಈ ಪುಸ್ತಕದ ಮೇಲೆ ನಿಂತಿದೆ ಎಂದು ಆ ಹೊತ್ತಿಗೆ ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ಅವರು ಬಸ್ಸಿನಲ್ಲಿದ್ದರು.

11.30ಕ್ಕೆ ಸ್ಥಳ ಪಂಚನಾಮೆ. ಕಂಪನಿ ಕಾಲದ ಹಳೆಯ ಕ್ಲಬ್ಬಿನ ಹಾಲ್ ಅದು. ಬಾಗಿಲಿನ ಬೀಗ ಮುರಿದಿಲ್ಲ, ಗಾಜು ಒಡೆದಿಲ್ಲ. ಪೆಟ್ಟಿಗೆಯ ಬೀಗವನ್ನು ಕೀಲಿಯಿಂದಲೇ ತೆಗೆದು ಮತ್ತೆ ಹಾಕಿದ್ದಾರೆ. ಆ ಕೀಲಿ ಇರುವುದು ಬಾಗಿಲ ಹಿಂದಿನ ಮೊಳೆಯಲ್ಲಿ, ಹಾಲ್‌ಗೆ ಬಂದವರೆಲ್ಲರ ಕಣ್ಣೆದುರಿಗೆ.

"ಕೀಲಿ ಇಲ್ಲಿಟ್ಟು ಬೀಗ ಯಾಕ್ ಆಕುದ್ರಿ ಸಾರ್?" ಎಂದು ಕೇಳಿದವರು ಹೆಡ್ ಕಾನ್‌ಸ್ಟೇಬಲ್ ಕೋದಂಡಪ್ಪ. ಹುಟ್ಟಿದ್ದು ಬೆಳೆದದ್ದು ಎಲ್ಲ ಈ ಸೀಮೆಯಲ್ಲೇ, ನಿವೃತ್ತಿಗೆ ಏಳು ತಿಂಗಳಿದೆ. ಆ ಧೈರ್ಯದಲ್ಲಿ ಯಾರಿಗೆ ಏನು ಬೇಕಾದರೂ ಕೇಳುತ್ತಿದ್ದರು.

ವಿಜಯಕುಮಾರ್ ಆ ಮೊಳೆಗೆ ಬೆನ್ನು ತಿರುಗಿಸಿ ನಿಂತರು.

ಶಶಿರೇಖ ಖಾಲಿ ಪೆಟ್ಟಿಗೆಯನ್ನು ನೋಡುತ್ತ ನಿಂತರು. ಸುತ್ತ ಹದಿನೇಳು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಹಿತ್ತಾಳೆಯ ದೀಪ, ಇನ್ನೊಂದರಲ್ಲಿ ಬೆಳ್ಳಿ ಕಟ್ಟಿನ ಗಡಿಯಾರ. ಕಳ್ಳ ಅವನ್ನು ಮುಟ್ಟಿಲ್ಲ. ಪ್ರತಿ ಪೆಟ್ಟಿಗೆಯ ಮುಂದೆ ಕನ್ನಡದಲ್ಲಿ ವಿವರ ಬರೆದ ರಟ್ಟು ನಿಲ್ಲಿಸಿದ್ದರು. ಖಾಲಿ ಪೆಟ್ಟಿಗೆಯ ಮುಂದೆ ಮಾತ್ರ ರಟ್ಟಿಲ್ಲ.

"ಇಲ್ಲಿ ವಿವರ ಬರೆದಿರಲಿಲ್ವಾ?"

"ಬರೆದಿದ್ದೆ ಮೇಡಂ, ನಾನೇ ಬರೆದಿದ್ದೆ. ಅದೂ ಇಲ್ಲ."

"ಹಳೇ ಪುಸ್ತಕ ಮಾರೋ ಕಳ್ಳನಿಗೆ ನಿಮ್ಮ ರಟ್ಟು ಯಾಕೆ ಬೇಕು?"

ಮೇಷ್ಟ್ರಿಗೆ ಅದು ಹೊಳೆದಿರಲಿಲ್ಲ. ಆ ರಟ್ಟಿನ ಮತ್ತು ತೆರೆದಿಟ್ಟ ಪುಟದ ಫೋಟೋ ಅವರ ಮೊಬೈಲಿನಲ್ಲಿತ್ತು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಕುಡಿದ ಮತ್ತಿನಲ್ಲಿ ಬಂಡೆಗೆ ಮದ್ದು ತುಂಬಿ, ಇಬ್ಬರ ಸಾವಿಗೆ ಕಾರಣನಾದ ಕೂಲಿ ದೊಡ್ಡವೆಂಕಟಪ್ಪನ ತಪ್ಪೊಪ್ಪಿಗೆ.' ಪುಟದಲ್ಲಿ ಇಂಗ್ಲಿಷಿನ ಆರು ಸಾಲು, ಕೆಳಗೊಂದು ಹೆಬ್ಬೆಟ್ಟಿನ ಗುರುತು.

ಶಶಿರೇಖ ಎರಡು ಫೋಟೋಗಳನ್ನೂ ತಮ್ಮ ಮೊಬೈಲಿಗೆ ಹಾಕಿಸಿಕೊಂಡರು.

ಮಂಗಳವಾರ ಕೋದಂಡಪ್ಪ ಬಂಗಾರಪೇಟೆಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರು. ಮೊಬೈಲಿನ ಸಣ್ಣ ಪರದೆ ತೋರಿಸಿ ತೋರಿಸಿ ಬೇಜಾರಾಗಿ, ಫೋಟೋವನ್ನು ದೊಡ್ಡದಾಗಿ ಮುದ್ರಿಸಿಕೊಳ್ಳೋಣವೆಂದು ರೈಲ್ವೆ ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋದರು. ಕಾಗದ ಯಂತ್ರದಿಂದ ಹೊರಬಂದ ಕೂಡಲೇ ಅಂಗಡಿಯವನು, "ಇದೇ ಪುಟ ನಿನ್ನೆನೂ ಬಂದಿತ್ತಲ್ಲ ಸಾರ್" ಅಂದ.

ಕೋದಂಡಪ್ಪನವರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

"ಯಾವನ್ಲಾ ತಂದಿದ್ದು?"

"ಯಾವನೂ ಅಲ್ಲ ಸಾರ್, ಒಂದಜ್ಜಿ. ಕಂಕುಳಾಗೆ ಸೀರೆ ಗಂಟು. ಒಳಗೆ ಇಷ್ಟ್ ದಪ್ಪ ಪುಸ್ತಕ. ಎಬ್ಬೆಟ್ಟು ಚೆಂದಾಗಿ ಬೀಳ್ಬೇಕು ಕಣಪ್ಪ ಅಂತ ಎರಡ್ ಸಲ ಮಾಡಿಸ್ಕೊಂಡ್ರು. ಅಕ್ಷರ ಮಸಕಾದ್ರೂ ಓಗ್ಲಿ, ಎಬ್ಬೆಟ್ಟು ಮುಖ್ಯ ಅಂದ್ರು."

"ಎಷ್ಟೊತ್ನಾಗೆ?"

"ಹನ್ನೊಂದಕ್ಕೆ. ಆಮೇಲೆ ಸೈಕಲ್ ಶಾಪ್ ಕೆಂಪಣ್ಣನ ಅಂಗಡಿ ಕಡೆ ನಡೆದ್ರು."

ಕೆಂಪಣ್ಣನ ಅಂಗಡಿಗೆ ಬೀಗ ಬಿದ್ದಿತ್ತು. ಮೊಮ್ಮಗನ ನಾಮಕರಣದ ಸಾಮಾನು ತರಲು ಕೋಲಾರಕ್ಕೆ ಹೋಗಿದ್ದಾನೆ ಎಂದು ಪಕ್ಕದವರು ಹೇಳಿದರು.

ಬುಧವಾರ ಬೆಳಿಗ್ಗೆ ವಿಜಯಕುಮಾರ್ ಅವರನ್ನು ಮತ್ತೆ ಠಾಣೆಗೆ ಕರೆಸಲಾಯಿತು.

"ಹಾಲ್‌ನಲ್ಲಿ ವಯಸ್ಸಾದ ಹೆಂಗಸರು ಯಾರಾದರೂ ಕೆಲಸಕ್ಕಿದ್ದಾರಾ?"

"ಅಮ್ಮಾಜಮ್ಮ ಇದ್ದಾಳೆ. ಗುಡಿಸೋಕೆ ಬರ್ತಾಳೆ. ಬೇತಮಂಗಲದವಳು, ಎಪ್ಪತ್ತೊಂಬತ್ತು ವರ್ಷ. ಪಾಪದವಳು ಮೇಡಂ, ಓದು ಬರಹ ಇಲ್ಲ."

"ಸೋಮವಾರ ಬಂದಿದ್ದರಾ?"

ವಿಜಯಕುಮಾರ್ ಬೆರಳು ಮಡಚಿ ದಿನ ಎಣಿಸಿ, "ಇಲ್ಲ. ನಿನ್ನೆ, ಇವತ್ತೂ ಇಲ್ಲ" ಎಂದರು.

"ಈ ಪುಸ್ತಕದ ವಿಷಯ ನಿಮ್ಮ ಹತ್ತಿರ ಏನಾದರೂ ಮಾತಾಡಿದ್ದರಾ? ನೆನಪು ಮಾಡಿಕೊಂಡು ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹೋದ ವಾರ ಸಮಿತಿಯವರಿಗೆ ಈ ಪುಟವನ್ನು ತೋರಿಸುತ್ತ, ಇಲ್ಲಿ ನೋಡಿ, ಇದು ದೊಡ್ಡವೆಂಕಟಪ್ಪನ ಎಡಗೈ ಹೆಬ್ಬೆಟ್ಟು ಅಂತ ಗುಮಾಸ್ತನೇ ಬರೆದಿದ್ದಾನೆ ಎಂದು ವಿವರಿಸುತ್ತಿದ್ದರಂತೆ. ಗುಡಿಸುತ್ತಿದ್ದ ಅಮ್ಮಾಜಮ್ಮ ಪೊರಕೆ ಹಿಡಿದೇ ಹತ್ತಿರ ಬಂದು, ಸಾಮಿ, ಆವಯ್ಯನಿಗೆ ಎಡಗೈನೇ ಇರ್ನಿಲ್ಲ ಅಂದಳಂತೆ.

"ನೀವೇನಂದಿರಿ?"

"ನಕ್ಕುಬಿಟ್ಟೆ. ನೂರಿಪ್ಪತ್ತೈದು ವರ್ಷದ ಹಿಂದಿನ ಮಾತು ನಿನಗೇನಮ್ಮ ಗೊತ್ತು, ಗುಡಿಸು ಹೋಗು ಅಂದೆ." ಮೇಷ್ಟ್ರ ದನಿ ಇಳಿದಿತ್ತು. "ಎಲ್ಲರೂ ನಕ್ಕರು."

ಕೋದಂಡಪ್ಪ ಜೆರಾಕ್ಸ್ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಮೂವತ್ತೈದು ವರ್ಷದಲ್ಲಿ ಎಷ್ಟು ಸಾವಿರ ಜನರ ಹೆಬ್ಬೆರಳನ್ನು ಶಾಯಿಗೆ ಒತ್ತಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. "ಮೇಡಂ, ನಾವೂ ಅಷ್ಟೇ ಅಲ್ವಾ. ಬಂದೋರ ಮುಖಾನೂ ನೋಡಕಿಲ್ಲ, ಎಡಗೈ ಕೊಡು ಅಂತೀವಿ, ಒತ್ತುಸ್ತೀವಿ, ಎಡಗೈ ಎಬ್ಬೆಟ್ಟು ಅಂತ ಬರೀತೀವಿ. ಕೈ ಅಭ್ಯಾಸ. ಆ ಗುಮಾಸ್ತನೂ ಅಂಗೇ ಬರ್ದಿರ್ಬೋದು."

"ಅಂದರೆ?"

"ಇನ್ಯಾವನ್ದೋ ಎಬ್ಬೆಟ್ಟು ಒತ್ತಿಸಿ, ಕೈಯಿಲ್ದೋನ ಎಸ್ರಿಗೆ ಎಡಗೈ ಅಂತ ಬರ್ದವ್ನೆ. ಅಜ್ಜಿ ಮಾತು ನಿಜ ಆದ್ರೆ."

"ನಿಜ ಆದರೆ" ಎಂದು ಶಶಿರೇಖ ಮೆಲ್ಲಗೆ ಅಂದರು. ಹೇಳಿಕೆಯಲ್ಲಿ ಯಾವ ಕೈ ಹೋಯಿತು ಎಂಬುದಿರಲಿಲ್ಲ. ಕೈ ಹೋಯಿತು ಎಂದಷ್ಟೇ ಇತ್ತು.

ಗುರುವಾರ ಬೆಳಿಗ್ಗೆ 9.15ಕ್ಕೆ ಪೊಲೀಸ್ ಜೀಪು ಇಬ್ಬರು ಪಂಚರನ್ನು ಹತ್ತಿಸಿಕೊಂಡು ಬೇತಮಂಗಲ ತಲುಪಿತು. ಕೆರೆ ಏರಿಯ ಕೆಳಗಿನ ಬೀದಿಯಲ್ಲಿ ಮೂರನೆಯ ಮನೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿಯಾಗಿತ್ತು. ಅಂಗಳದಲ್ಲಿ ಲಗೇಜ್ ಆಟೋದಿಂದ ಹೊಸ ತೊಟ್ಟಿಲನ್ನು ಇಳಿಸುತ್ತಿದ್ದವನು ಖಾಕಿ ಕಂಡದ್ದೇ ಕಾಲಿನ ಮೇಲೆ ತೊಟ್ಟಿಲು ಬಿಟ್ಟುಕೊಂಡ. ಅವನೇ ಬಂಗಾರಪೇಟೆಯ ಸೈಕಲ್ ಶಾಪ್ ಕೆಂಪಣ್ಣ, ಅಮ್ಮಾಜಮ್ಮನ ಅಳಿಯ, ಕೂಸಿನ ತಾಯಿ ಸೌಂದರ್ಯಾಳ ತಂದೆ.

ಜಗುಲಿಯ ಮೇಲೆ ಕೂತು ಮಗುವಿನ ಕಾಲಿಗೆ ಎಣ್ಣೆ ತೀಡುತ್ತಿದ್ದ ಮುದುಕಿ ತಲೆಯೆತ್ತಿದಳು. ಗಾಬರಿಯಾಗಲಿಲ್ಲ.

"ತಾತನ್ನ ನೋಡಾಕೆ ಬಂದ್ರಾ ತಾಯಿ? ಒಳಗವ್ನೆ. ಕೂತ್ಕೊಳಿ, ಈ ಕಾಲೊಂದು ಮುಗಿಸ್ತೀನಿ."

ಇನ್ಸ್‌ಪೆಕ್ಟರ್ ಕೂತರು. ಬಂಧಿಸಲು ಹೋದ ಅಧಿಕಾರಿ ಆರೋಪಿ ಎಣ್ಣೆ ತೀಡಿ ಮುಗಿಸಲಿ ಎಂದು ಕಾಯುವುದು ಯಾವ ಕೈಪಿಡಿಯಲ್ಲೂ ಇಲ್ಲ. ಆದರೂ ಕಾದರು. ಆಮೇಲೆ ಅಮ್ಮಾಜಮ್ಮ ಮಗುವನ್ನು ಸೌಂದರ್ಯಾಳ ಕೈಗೆ ಕೊಟ್ಟು ಒಳಗೆ ಹೋಗಿ, ಟ್ರಂಕಿನಿಂದ ಒಂದು ಗಂಟು ತಂದಳು. ಹಸಿರು ರೇಷ್ಮೆ ಸೀರೆ, ಅವಳ ಮದುವೆಯದು. ಒಳಗೆ ರಿಜಿಸ್ಟರ್, ಅದರ ಮೇಲೆ ಮೇಷ್ಟ್ರ ರಟ್ಟು.

"ಯಾಕೆ ತಗೊಂಡು ಬಂದಿರಿ ಅಜ್ಜಿ?"

"ನಮ್ಮಪ್ಪನ ಅಪ್ಪ ತಾಯಿ, ದೊಡ್ಡವೆಂಕಟಪ್ಪ ಅಂದ್ರೆ. ನಂಗೆ ಏಳ್ ವರ್ಷ ತುಂಬೋಗಂಟ ಇದ್ದ. ಬಲಗೈನಾಗೆ ಮುದ್ದೆ ಮುರ್ದು ಬಾಯಿಗಿಡೋನು. ಎಡಗೈ ಮಣಿಕಟ್ಟಿನ ಮ್ಯಾಕೇ ಇರ್ನಿಲ್ಲ. ಆ ಮೋಟುಗೈನ ನನ್ನ ಬೆನ್ನಿಗೆ ಆನಿಸ್ಕೊಂಡು ಕೂರ್ಸ್ಕೊಳ್ಳೋನು. ಬೆಚ್ಚಗಿರ್ತಿತ್ತು." ಅಮ್ಮಾಜಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದ್ ತೊಟ್ಟು ಕುಡಿದೋನಲ್ಲ. ಸಿಡೀದೆ ಉಳ್ಕೊಂಡಿದ್ದ ಮದ್ದಿನ ಪಕ್ಕದಾಗೇ ತೂತು ಕೊರಿ ಅಂದವ್ರೆ ಮೇಲಿನೋರು. ಕೊರ್ದವ್ನೆ. ಇಬ್ರು ಸತ್ರು, ಇವನ ಕೈ ಓಯ್ತು. ಆಸ್ಪತ್ರೆನಾಗೆ ಎಚ್ರ ಬರೋ ಒತ್ಗೆ ನೀನೇ ಒಪ್ಕೊಂಡಿದ್ದೀಯ ಅಂದ್ರಂತೆ. ಕಂಪನಿ ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡ್ಸಿ, ಬೀದಿನಾಗೆ ಎಲ್ರ ಮುಂದೆ ಕುಡುಕ ಅಂತ ಓದುದ್ರಂತೆ. ಸತ್ತೋರ ಎಂಡ್ರು ಮಣ್ಣು ತೂರುದ್ರಂತೆ ಆವಯ್ಯನ ಮ್ಯಾಲೆ."

"ಅದಕ್ಕೂ ಪುಸ್ತಕಕ್ಕೂ..."

"ಎಸ್ರು ತಾಯಿ. ನಮ್ಮಲ್ಲಿ ತಾತನ ಎಸ್ರು ಮೊಮ್ಮಗನಿಗೆ ಇಡ್ಬೇಕು, ಅದೇ ವಾಡಿಕೆ. ಅವನ ಎಸ್ರು ಮಾತ್ರ ಯಾರೂ ಇಡ್ನಿಲ್ಲ. ನಮ್ಮಣ್ಣನ ಮಕ್ಳಿಗೆ ಇಲ್ಲ, ನನ್ನ ಮಗನಿಗೆ ಇಡ್ತೀನಿ ಅಂದ್ರೆ ನಮ್ಮಪ್ಪನೇ ಬ್ಯಾಡ ಅಂದ. ನಾ ಸಾಯೋದ್ರೊಳಗೆ ಒಂದ್ ಸಲ ಆ ಎಸ್ರು ಇಡಿದು ಕೂಸನ್ನ ಕೂಗ್ಬೇಕು. ಅಷ್ಟೇ ನನ್ನಾಸೆ."

ಕೆಂಪಣ್ಣ ತಡೆಯಲಾರದೆ ಬಾಯಿ ಹಾಕಿದ. "ಮೇಡಂ, ಆ ಎಸ್ರು ಬ್ಯಾಡ ಅಂದೋನು ನಾನೇ, ಆದ್ರೂ ನಾ ಕೆಟ್ಟೋನಲ್ಲ. ಭಾನುವಾರದಿಂದ ಇಸ್ಕೂಲ್ ಮಕ್ಳೆಲ್ಲ ಬಂದು ಆ ಬೋರ್ಡ್ ಓದ್ತಾವೆ. ನಾಳೆ ನನ್ನ ಮೊಮ್ಮಗನ್ನ, ಕುಡುಕನ ಎಸ್ರಿನೋನು ಅಂತ ಆಡ್ಕೊಳ್ಳಲ್ವಾ? ಸೋಮವಾರ ಜೆರಾಕ್ಸ್ ತಂದು ತೋರ್ಸಿದ್ರು ಅತ್ತೆ. ಎಡಗೈ ಇಲ್ದೋನು ಎಡಗೈ ಎಬ್ಬೆಟ್ಟು ಎಂಗ್ ಒತ್ತಾನು ಅಂದ್ರು. ಎಡಗೈ ಇರ್ನಿಲ್ಲ ಅನ್ನೋಕೆ ಇವ್ರ ಬಾಯ್ಮಾತು ಬಿಟ್ರೆ ಏನೈತೆ? ಬಲಗೈನೇ ಓಗಿತ್ತೇನೋ."

"ನಂಗೆ ಯಾವ ಕೈನಾಗೆ ಉಣ್ಣಿಸ್ದ ಅಂತ ನಂಗೊತ್ತಿಲ್ವೇನೋ?" ಎಂದಳು ಅಮ್ಮಾಜಮ್ಮ.

ಶಶಿರೇಖ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ತೆರೆದರು. ಒಂದೊಂದೇ ಹೇಳಿಕೆ ಓದುತ್ತ ಹೋದರು. ಹೆಸರು ಬೇರೆ, ತಾರೀಖು ಬೇರೆ, ಒಬ್ಬನಿಗೆ ಕಾಲು, ಒಬ್ಬನಿಗೆ ಕಣ್ಣು. ಹೇಳಿಕೆಯ ಕೊನೆ ಮಾತ್ರ ಒಂದೇ: ಇದು ನನ್ನ ಅಜಾಗರೂಕತೆಯಿಂದಲೇ ಆದದ್ದು, ಕಂಪನಿಯಿಂದ ನನಗೆ ಏನೂ ಬರಬೇಕಾಗಿಲ್ಲ. ನಲವತ್ತಮೂರು ಜನ, ಒಂದೇ ಕೈಬರಹ. ಇಷ್ಟು ಜನ ಇಷ್ಟು ಒಪ್ಪವಾಗಿ, ಒಂದಕ್ಷರ ತಪ್ಪದೆ, ಒಂದೇ ಮಾತನ್ನು ಹೇಳಿದ್ದರಂತೆ! ಯಾರನ್ನು ನಂಬಿಸಲು ಬರೆದರೋ ಪುಣ್ಯಾತ್ಮರು.

ದೊಡ್ಡವೆಂಕಟಪ್ಪನ ಪುಟ ಬಂತು. ಹೇಳಿಕೆಯ ದಿನ 1899ರ ಆಗಸ್ಟ್ 14. ಶಶಿರೇಖ ಹಾಳೆ ಮಗುಚಿದರು. ಗಾಜಿನ ಪೆಟ್ಟಿಗೆಯಲ್ಲಿ ಯಾರಿಗೂ ಕಾಣದಿದ್ದ ಹಿಂಬದಿ ಅದು. ಅಲ್ಲಿ ಬೇರೆ ಕೈಬರಹ, ಮಾಸಿದ ಶಾಯಿ, ಅವಸರದ ಎರಡು ಸಾಲು. ಆಸ್ಪತ್ರೆಯ ವೈದ್ಯ ಬರೆದದ್ದು. ಅವರು ಬೆರಳಿಟ್ಟು ಎರಡು ಸಲ ಓದಿಕೊಂಡರು.

"ಕೋದಂಡಪ್ಪ, ಜಪ್ತಿ ಪಂಚನಾಮೆ ಬರೆದುಕೊಳ್ಳಿ. ನಾನು ಕನ್ನಡದಲ್ಲಿ ಹೇಳ್ತೀನಿ. ಗಟ್ಟಿಯಾಗಿ ಓದುತ್ತಾ ಬರೀರಿ, ಪಂಚರಿಗೂ ಮನೆಯವರಿಗೂ ಕೇಳಿಸಲಿ."

ಕೋದಂಡಪ್ಪ ಬರೆಯುತ್ತ ಓದಿದರು: "ಸದರಿ ಪುಟದ ಹಿಂಬದಿಯಲ್ಲಿ, ದೊಡ್ಡವೆಂಕಟಪ್ಪ, ಇಪ್ಪತ್ತೆರಡು ವರ್ಷ, ಈತನ ಎಡಗೈಯನ್ನು ಮಣಿಕಟ್ಟಿನ ಮೇಲೆ ಆಗಸ್ಟ್ 11ರಂದು ಕತ್ತರಿಸಿ ತೆಗೆಯಲಾಯಿತು, ಗಾಯಾಳುವಿಗೆ ಈವರೆಗೆ ಪ್ರಜ್ಞೆ ಬಂದಿಲ್ಲ ಎಂದು ಬರೆದಿರುತ್ತದೆ. ಇದರ ಕೆಳಗಿನ ತಾರೀಖು ಆಗಸ್ಟ್ 15. ಮುಂಬದಿಯಲ್ಲಿ ಅದೇ ವ್ಯಕ್ತಿಯ ಎಡಗೈ ಹೆಬ್ಬೆಟ್ಟಿನ ಗುರುತು ಎಂದು ಆಗಸ್ಟ್ 14ರಂದು..."

ಅಲ್ಲಿಗೆ ಅವರು ಓದುವುದನ್ನು ನಿಲ್ಲಿಸಿದರು. ಪೆನ್ನು ಮಾತ್ರ ಬರೆದು ಮುಗಿಸಿತು.

ಕೆಂಪಣ್ಣ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಸೌಂದರ್ಯಾ ಮಗುವನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು. ಅಮ್ಮಾಜಮ್ಮ ಅಳಲಿಲ್ಲ. ಕೈಚಾಚಿ, ವೈದ್ಯನ ಆ ಎರಡು ಸಾಲನ್ನು ಮೆಲ್ಲಗೆ ಸವರಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಇದೇನಾ ತಾಯಿ ಅದು?"

"ಇದೇ ಅಜ್ಜಿ."

ಬಳಿಕ ಕಾನೂನಿನ ಮಾತು ಬಂತು. ಈ ವಯಸ್ಸಿನವರನ್ನು ನೋಟಿಸ್ ಕೊಟ್ಟು ಮನೆಯಲ್ಲೇ ಬಿಡಬಹುದು ಎಂದು ಶಶಿರೇಖ ಬಿಡಿಸಿ ಹೇಳಿದರು. ಅಮ್ಮಾಜಮ್ಮ ಕೇಳಿಸಿಕೊಂಡು, "ನನ್ನ ಅರೆಸ್ಟ್ ಮಾಡುದ್ರೆ ಏನಾಯ್ತದೆ?" ಎಂದಳು.

"ಇವತ್ತೇ ಕೋರ್ಟಿಗೆ ಕರೆದುಕೊಂಡು ಹೋಗಬೇಕು. ಜಡ್ಜ್ ಮುಂದೆ ಈ ಕಾಗದ ಎಲ್ಲ ಇಡಬೇಕು."

"ಈಗ ಇವ್ರು ಓದುದ್ರಲ್ಲ, ಅದೂನಾ?"

"ಅದೂ."

"ಜಡ್ಜ್ ಅದಕ್ಕೆ ಸೈನ್ ಆಕ್ತಾರಾ?"

"ನೋಡಿದ್ದೀನಿ ಅಂತ ಹಾಕ್ತಾರೆ."

"ಅಂಗಾದ್ರೆ ಇಡ್ಕೊಳಿ. ಕದ್ದಿರೋದು ಸುಳ್ಳಲ್ಲ. ಕಂಪನಿ ಕಾಗದದಾಗೆ ಕುಡುಕ ಅಂತ ಬರ್ದವ್ರೆ, ಸರ್ಕಾರದ ಕಾಗದದಾಗೆ ಅಲ್ಲ ಅಂತ ಬರೀಲಿ."

"ಅಜ್ಜಿ, ಕೋರ್ಟು ಅಂದ್ರೆ ಸುಮ್ನೆ ಅಲ್ಲ" ಎಂದು ಕೋದಂಡಪ್ಪ ಗೊಣಗಿದರು.

"ಸುಮ್ನೆ ಅಲ್ಲ ಅಂತ್ಲೇ ಬತ್ತಿರೋದು ಕಣಪ್ಪ. ನಡಿ, ಒತ್ತಾಯ್ತು."

11.20ಕ್ಕೆ ಬಂಧನವನ್ನು ದಾಖಲಿಸಲಾಯಿತು. ಠಾಣೆಯಲ್ಲಿ ಕೋದಂಡಪ್ಪ ಶಾಯಿ ಡಬ್ಬಿ ಮುಂದಿಟ್ಟ ಕೂಡಲೇ ಅಮ್ಮಾಜಮ್ಮ ಎಡಗೈ ಚಾಚಿದಳು. ಆಧಾರ್, ಪಡಿತರ, ಪಿಂಚಣಿ, ಎಲ್ಲಿ ಹೋದರೂ ಹೀಗೇ ಚಾಚಿ ಅಭ್ಯಾಸ. ಕೋದಂಡಪ್ಪ ಆ ಕೈಯನ್ನು ಹಿಡಿದರು, ಶಾಯಿಗೆ ಒತ್ತಲಿಲ್ಲ.

"ಇರಿ ಅಮ್ಮ. ಮೊದ್ಲು ಓದಿ ಏಳ್ತೀನಿ. ನೀವ್ ಏಳ್ದಂಗೆ ಐತಾ ನೋಡಿ. ಇಲ್ದಿದ್ರೆ ಒತ್ಬ್ಯಾಡಿ."

ಅವರು ಓದಿದರು. ಎರಡು ಪುಟ, ಪೂರ್ತಿ, ನಿಧಾನವಾಗಿ. ಸೀರೆ ಬಣ್ಣ ಹಸಿರು ಎಂಬಲ್ಲಿ ನೀಲಿ ಎಂದು ಬರೆದುಬಿಟ್ಟಿದ್ದರು. ಅಮ್ಮಾಜಮ್ಮ ತಿದ್ದಿಸಿದಳು. ಮುಗಿದ ಮೇಲೆ ಅವಳು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದಳು.

"ನಮ್ ತಾತನಿಗೆ ಯಾರೂ ಓದಿ ಏಳ್ನಿಲ್ಲ ಸಾಮಿ" ಎಂದಳು. ಆಮೇಲೆ ತಾನೇ ಎಡಗೈ ಹೆಬ್ಬೆರಳನ್ನು ಶಾಯಿಗೆ ಅದ್ದಿ, ಹಾಳೆಯ ಮೇಲೆ ಒತ್ತಿ ಹಿಡಿದಳು.

ಮಧ್ಯಾಹ್ನ 3.30ಕ್ಕೆ ರಾಬರ್ಟ್‌ಸನ್‌ಪೇಟೆಯ ನ್ಯಾಯಾಲಯದಲ್ಲಿ ಹಾಜರುಪಡಿಸಲಾಯಿತು. ಜಾಮೀನಿಗೆ ಹೊಣೆಗಾರನಾಗಿ ಸಹಿ ಹಾಕಲು ಮುಂದೆ ಬಂದವನು ಕೆಂಪಣ್ಣ. ಕೋರ್ಟಿನ ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬರು ವಿಜಯಕುಮಾರ್. ಅವರ ಕೈಯಲ್ಲಿ ಹೊಸ ರಟ್ಟಿತ್ತು, ಏನೂ ಬರೆದಿರಲಿಲ್ಲ.

"ಏನು ಬರೀಬೇಕು ಅಮ್ಮ, ನೀವೇ ಹೇಳಿ" ಎಂದರು. ಏಕವಚನ ಎಲ್ಲೋ ಬಿದ್ದುಹೋಗಿತ್ತು.

"ನೀವ್ ಮೇಷ್ಟ್ರು, ನೀವೇ ಬರೀರಿ ಸಾಮಿ. ಆಳೆಯ ಎರಡೂ ಕಡೆ ಓದ್ಕೊಂಡು ಬರೀರಿ."

ಮರುದಿನ ಪಂಚನಾಮೆಯ ನಕಲನ್ನು ಆರೋಪಿಗೆ ತಲುಪಿಸುವ ನೆಪ ಮಾಡಿಕೊಂಡು ಕೋದಂಡಪ್ಪ ಬೇತಮಂಗಲಕ್ಕೆ ಹೋದರು. ಅಂಚೆಯಲ್ಲಿ ಕಳಿಸಬಹುದಿತ್ತು. ಇಸ್ತ್ರಿ ಮಾಡಿದ ಪಂಚೆ ಯಾಕೆ ಉಟ್ಟಿದ್ದೀರಿ ಎಂದು ಶಶಿರೇಖ ಕೇಳಲಿಲ್ಲ, ಒಂದು ಬೆಳ್ಳಿ ಉಡುದಾರದ ಪೊಟ್ಟಣವನ್ನು ಅವರ ಕೈಗಿಟ್ಟರು. ಅಂಗಳ ತುಂಬ ಜನ ಸೇರಿದ್ದರು. ಕೆಂಪಣ್ಣ ಎಲ್ಲರನ್ನೂ ಸುಮ್ಮನಾಗಿಸಿ, "ಸಾರ್, ಮೊದ್ಲು ಅದನ್ನ ಒಂದ್ಸಲ ಓದ್ಬಿಡಿ, ನಮ್ಮೋರೆಲ್ಲ ಕೇಳ್ಲಿ" ಎಂದ. ಆ ಮನೆತನದ ವಿಷಯದಲ್ಲಿ ಊರವರ ಮುಂದೆ ಕಾಗದ ಓದಿದ್ದು, 1899ರ ಲೈನ್ ಬೀದಿಯ ನಂತರ, ಅದು ಎರಡನೆಯ ಸಲ. ಓದಿ ಮುಗಿಸಿದ ಮೇಲೆ ಅಮ್ಮಾಜಮ್ಮ ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಗುಟ್ಟಾಗಿ ಹೇಳುವುದು ಪದ್ಧತಿ. ಅವಳು ಬೀದಿಗೆ ಕೇಳಿಸುವ ಹಾಗೆ ಕೂಗಿಬಿಟ್ಟಳು, ಮಗು ಬೆಚ್ಚಿ ಅಳತೊಡಗಿತು, ಎಲ್ಲರೂ ನಕ್ಕರು.

ಅದೇ ಸಂಜೆ ಶಶಿರೇಖ ಕೇಸ್ ಡೈರಿ ಬರೆಯಲು ಕೂತರು. ಕೃತ್ಯದ ಉದ್ದೇಶ ಎಂಬಲ್ಲಿ ಹೀಗೆ ಬರೆದರು: 'ಆರೋಪಿಯು ತನ್ನ ತಾತನ ಹೆಸರನ್ನು ಮರಿಮಗನಿಗೆ ಇಡುವ ಸಲುವಾಗಿ ಕೃತ್ಯ ಎಸಗಿರುತ್ತಾರೆ. ಹೆಸರು ಇಡಲಾಗಿದೆ.'